ಇ20 ಪೆಟ್ರೋಲ್: ಹಳೇ ಗಾಡಿ, ತೋಟದ ಮಷಿನ್ ಇಟ್ಟುಕೊಂಡವರಿಗೆ ನಿಜವಾಗಿ ಬೀಳುವ ಖರ್ಚು ಎಷ್ಟು?

ತೋಟದಮನೆ, ಶಿರಸಿ ಕಡೆ

ಎಲ್ಲರಿಗೂ ನಮಸ್ಕಾರ. ಪ್ರಶ್ನೆ ಸ್ವಲ್ಪ ಉದ್ದ ಇದೆ. ಪುರುಸೊತ್ತು ಇದ್ದವರು ಓದಿ.

ನಮ್ಮದು ಅಡಿಕೆ ತೋಟ, ಜೊತೆಗೆ ಒಂದಿಷ್ಟು ಕಾಳುಮೆಣಸು. ಮನೆಯಲ್ಲಿ ಪೆಟ್ರೋಲ್ ಕುಡಿಯುವವು ನಾಲ್ಕಿವೆ. 2011ರ ಸ್ಕೂಟರ್, ಕಾರ್ಬುರೇಟರ್ (ಪೆಟ್ರೋಲಿಗೆ ಗಾಳಿ ಬೆರೆಸಿ ಎಂಜಿನ್ನಿಗೆ ಬಿಡುವ ಭಾಗ) ಇರುವುದು. 2016ರ ಸಣ್ಣ ಕಾರು. ಕಳೆ ಹೊಡೆಯುವ ಮಷಿನ್ ಒಂದು. ಕೊಳೆರೋಗಕ್ಕೆ ಬೋರ್ಡೋ ಹೊಡೆಯುವ ಎಂಜಿನ್ ಪಂಪ್ ಒಂದು. ನಾಲ್ಕೂ ನಮ್ಮ ಮನೆಗೆ ಬಂದಾಗ ಇ20, ಅಂದರೆ ಶೇ. 20 ಎಥೆನಾಲ್ (ಕಬ್ಬು, ಮೆಕ್ಕೆಜೋಳದಿಂದ ತೆಗೆಯುವ ಇಂಧನ) ಬೆರೆಸಿದ ಪೆಟ್ರೋಲ್ ಅನ್ನುವ ಮಾತನ್ನು ನಾವ್ಯಾರೂ ಕೇಳಿರಲಿಲ್ಲ. ಮೊನ್ನೆ ಕಪಾಟಿನಿಂದ ಕಾರಿನ ಪುಸ್ತಕ ತೆಗೆದು ನೋಡಿದೆ. ಎಥೆನಾಲ್ ಶೇ. 10ರವರೆಗೆ ಇರಬಹುದು, ಅದಕ್ಕಿಂತ ಜಾಸ್ತಿ ಬೇಡ ಅಂತ ಸ್ಪಷ್ಟವಾಗಿ ಅಚ್ಚು ಹಾಕಿದ್ದಾರೆ. ಸ್ಕೂಟರಿನ ಪುಸ್ತಕದಲ್ಲಂತೂ ಎಥೆನಾಲ್ ಸುದ್ದಿಯೇ ಇಲ್ಲ.

ಈಗ ನಮ್ಮ ಕಡೆ ಯಾವ ಬಂಕಿಗೆ ಹೋದರೂ ಸಿಗುವುದು ಇ20 ಒಂದೇ. ಶೇ. 10ರದ್ದು ಇದೆಯಾ ಅಂತ ಕೇಳಿದರೆ ಬಂಕಿನ ಹುಡುಗ ನನ್ನ ಮುಖವನ್ನೇ ನೋಡುತ್ತಾನೆ. ಪಾಪ, ಅವನಾದರೂ ಏನು ಮಾಡಿಯಾನು.

ಕಾರು ನಮ್ಮ ಏರಿಳಿತದ ರಸ್ತೆಯಲ್ಲೂ ಲೀಟರಿಗೆ 16 ಕೊಡುತ್ತಿತ್ತು. ಈಗ 15 ದಾಟಿಸುವುದು ಕಷ್ಟ. ಸ್ಕೂಟರ್ 45ರಿಂದ 41ಕ್ಕೆ ಬಂದಿದೆ. ಅಂದಾಜಿನ ಮಾತಲ್ಲ, ಟ್ಯಾಂಕ್ ಫುಲ್ ಮಾಡಿಸಿ, ಓಡಿಸಿ, ಮತ್ತೆ ಫುಲ್ ಮಾಡಿಸಿ ತೆಗೆದ ಲೆಕ್ಕ. ಚಳಿಗಾಲದ ಬೆಳಿಗ್ಗೆ ಸ್ಕೂಟರಿಗೆ ಚೋಕ್ ಎಳೆದು ಕಿಕ್ ಹೊಡೆದು ಹೊಡೆದು ಸಾಕಾಗುತ್ತದೆ. ಗಾಡಿ ಹಳೆಯದಾಯಿತು, ಅದರ ವಯಸ್ಸಿನ ಪಾಲೂ ಇರಬಹುದು ಅಂತ ಸುಮ್ಮನಿದ್ದೆ.

ಆದರೆ ಪಂಪಿನ ಕಥೆ ಕೇಳಿ. ಹೋದ ವರ್ಷ ಎರಡನೇ ಸಲ ಔಷಧಿ ಹೊಡೆದ ಮೇಲೆ ಅದನ್ನು ಕೊಟ್ಟಿಗೆಯ ಮೂಲೆಯಲ್ಲಿ ಇಟ್ಟದ್ದು. ಟ್ಯಾಂಕಿನಲ್ಲಿ ಅರ್ಧ ಪೆಟ್ರೋಲ್ ಹಾಗೇ ಇತ್ತು. ಹಿಂದೆಲ್ಲ ಹಾಗೇ ಇಡುತ್ತಿದ್ದೆವು, ಏನೂ ಆಗುತ್ತಿರಲಿಲ್ಲ. ಈ ವರ್ಷ ಮಳೆಗೆ ಮುಂಚೆ ತೆಗೆದರೆ ಸ್ಟಾರ್ಟ್ ಇಲ್ಲ. ಕಾರ್ಬುರೇಟರ್ ಬಿಚ್ಚಿದರೆ ಒಳಗೆ ಬಿಳಿ ಹಸಿರು ಪುಡಿ ಕೂತಿದೆ. ಪೆಟ್ರೋಲ್ ಪೈಪು ಬಗ್ಗಿಸಿದ್ದೇ ತಡ, ಹಪ್ಪಳದ ಹಾಗೆ ಮುರಿಯಿತು. ಅಡಿಕೆ ಮರ ಹತ್ತಿ ಔಷಧಿ ಹೊಡೆಯುವ ಕೊನೆಗೌಡರು ಬಂದು ಜಗಲಿಯ ಮೇಲೆ ಕೂತಿದ್ದಾರೆ. ಅವರ ದಿನ ಸಿಗುವುದೇ ಕಷ್ಟ. ಬಿಸಿಲಿನ ದಿನ ಸಿಗುವುದು ಇನ್ನೂ ಕಷ್ಟ. ಅವತ್ತು ಪಕ್ಕದ ಮನೆಯ ಪಂಪು ಕೇಳಿ ತಂದು ಕೆಲಸ ಮುಗಿಸಿದೆವು. ಸಿಗದೇ ಹೋಗಿದ್ದರೆ ಈ ವರ್ಷದ ಅಡಿಕೆಗೆ ಕೊಳೆ ಬಂದು ಉದುರುವುದನ್ನು ನೋಡುತ್ತ ಕೂರಬೇಕಿತ್ತು. ಮೈಲೇಜ್ ಚರ್ಚೆ ಮಾಡುವವರು ಇಂಥ ಖರ್ಚನ್ನು ಎಲ್ಲೂ ಬರೆಯುವುದಿಲ್ಲ ನೋಡಿ.

ಬೆಂಗಳೂರಿನಲ್ಲಿರುವ ನನ್ನ ಭಾವ, ಇದೆಲ್ಲ ವಾಟ್ಸಾಪ್ ಸುದ್ದಿ, ಸರ್ಕಾರ ಪರೀಕ್ಷೆ ಮಾಡಿಯೇ ಬಿಟ್ಟಿದೆ ಅನ್ನುತ್ತಾನೆ. ಅವನದು 2024ರ ಕಾರು. ಅವನಿಗೆ ಏನು ಚಿಂತೆ.

ನನಗೆ ತಿಳಿಯಬೇಕಾದದ್ದು ಇಷ್ಟು. ಮೈಲೇಜ್ ಇಳಿದದ್ದರಲ್ಲಿ ಎಥೆನಾಲ್ ಪಾಲು ಎಷ್ಟು, ಗಾಡಿ ವಯಸ್ಸಿನ ಪಾಲು ಎಷ್ಟು? ಯಾವ ಯಾವ ಸಾಮಾನು ಬದಲಿಸಬೇಕು? ನೂರು ಆಕ್ಟೇನ್ ಪೆಟ್ರೋಲ್ ಹಾಕಿದರೆ ಉಪಯೋಗ ಇದೆಯಾ? ಮತ್ತೆ, ಇದರಲ್ಲಿ ಶಕ್ತಿ ಕಡಿಮೆ ಅಂತ ಎಲ್ಲರೂ ಒಪ್ಪುವುದಾದರೆ ರೇಟು ಯಾಕೆ ಕಡಿಮೆ ಆಗಲಿಲ್ಲ?

ಕೆಮಿಸ್ಟ್ರಿ ಮೇಷ್ಟ್ರು, ತುಮಕೂರು

ತೋಟದವರೇ, ನಾನು ಕಾಲೇಜಿನಲ್ಲಿ ಪಾಠ ಮಾಡಿ ರಿಟೈರ್ ಆದವನು. ಎಂಜಿನ್ ಬಿಚ್ಚಲು ಬರುವುದಿಲ್ಲ. ಲೆಕ್ಕ ಬರುತ್ತದೆ.

ಒಂದು ಲೀಟರ್ ಪೆಟ್ರೋಲ್ ಉರಿದರೆ ಸುಮಾರು 32 ಮೆಗಾಜೂಲ್ ಶಕ್ತಿ ಸಿಗುತ್ತದೆ. ಒಂದು ಲೀಟರ್ ಎಥೆನಾಲ್ ಉರಿದರೆ ಸುಮಾರು 21. ಮೂರರಲ್ಲಿ ಒಂದು ಪಾಲು ಖೋತಾ. ಐದರಲ್ಲಿ ಒಂದು ಪಾಲು ಎಥೆನಾಲ್ ಬೆರೆಸಿದರೆ ಲೀಟರಿನ ಶಕ್ತಿ ಶೇ. 7ರ ಹತ್ತಿರ ಇಳಿಯುತ್ತದೆ. ಇದು ಶುದ್ಧ ಪೆಟ್ರೋಲಿಗೆ ಹೋಲಿಸಿದರೆ. ಆದರೆ ನಾವು ಯಾರೂ ನಿನ್ನೆಯವರೆಗೆ ಶುದ್ಧ ಪೆಟ್ರೋಲ್ ಹಾಕುತ್ತಿರಲಿಲ್ಲ. 2022ರ ಜೂನ್ ಹೊತ್ತಿಗೇ ದೇಶದ ಸರಾಸರಿ ಮಿಶ್ರಣ ಶೇ. 10 ಮುಟ್ಟಿತ್ತು. ಶೇ. 10ರಿಂದ 20ಕ್ಕೆ ಹೋದಾಗ ಇಳಿಯುವುದು ಶೇ. 3.5ರಷ್ಟು. ಮೊದಲ ಅರ್ಧ ನಮಗೆ ಗೊತ್ತಾಗದ ಹಾಗೆ ಆಗಲೇ ಹೋಗಿತ್ತು, ಅಷ್ಟೇ.

ನಿಮ್ಮ ಕಾರು 16ರಿಂದ 15ಕ್ಕೆ ಬಂದದ್ದು ಶೇ. 6. ಬರೀ ಶಕ್ತಿಯ ಲೆಕ್ಕದಲ್ಲಿ ಅದರಲ್ಲಿ ಅರ್ಧಕ್ಕಿಂತ ಸ್ವಲ್ಪ ಹೆಚ್ಚು ಇಂಧನದ್ದು ಅನ್ನಬಹುದು. ಉಳಿದದ್ದು ಟೈರು, ರಸ್ತೆ, ಎಂಜಿನ್ ವಯಸ್ಸು. ಸ್ಕೂಟರ್ ಇಳಿದದ್ದು ಶೇ. 9. ಬರೀ ಶಕ್ತಿಯ ಲೆಕ್ಕದಲ್ಲಿ ಅಷ್ಟು ಬರುವುದಿಲ್ಲ. ಕಾರ್ಬುರೇಟರಿನಲ್ಲಿ ಏನೋ ಇದೆ, ಅದನ್ನು ಗ್ಯಾರೇಜಿನವರು ಹೇಳಬೇಕು. ಹಾಗೆಯೇ ನನ್ನ ಗಾಡಿ ಮೈಲೇಜ್ ಶೇ. 20 ಬಿದ್ದುಹೋಯಿತು ಅನ್ನುವವರು ದಯವಿಟ್ಟು ಗಾಡಿ ತೋರಿಸಿ. ಅಷ್ಟೂ ತಪ್ಪನ್ನು ಎಥೆನಾಲ್ ತಲೆಗೆ ಕಟ್ಟಲು ಆಗುವುದಿಲ್ಲ.

ನಿಮ್ಮ ಭಾವ ಹೇಳುವುದರಲ್ಲೂ ಅರ್ಧ ನಿಜ ಇದೆ. ನೀತಿ ಆಯೋಗದ 2021ರ ವರದಿಯಲ್ಲೇ ಅಂಕಿ ಇದೆ. ಇ10ಗೆ ಹೊಂದಿಸಿದ ಹಳೆಯ ಕಾರುಗಳಿಗೆ ಇ20 ಹಾಕಿದರೆ ಮೈಲೇಜ್ ಶೇ. 6-7 ಇಳಿಯಬಹುದು, ದ್ವಿಚಕ್ರಕ್ಕೆ ಶೇ. 3-4, ಇ20ಗೇ ಹೊಂದಿಸಿದ ಕಾರುಗಳಿಗೆ ಶೇ. 1-2. ಅವನ 2024ರ ಕಾರಿನ ರಬ್ಬರು, ಸೀಲು ಎಲ್ಲ ಇ20 ತಡೆಯುವಂಥವು. 2023ರ ಏಪ್ರಿಲ್‌ನಿಂದ ಬಂದ ಗಾಡಿಗಳಿಗೆ ಅದು ಕಡ್ಡಾಯ. 2025ರ ಆಗಸ್ಟ್‌ನಲ್ಲಿ ಜನ ಗಲಾಟೆ ಮಾಡಿದಾಗ ಪೆಟ್ರೋಲಿಯಂ ಇಲಾಖೆ ಒಂದು ಹೇಳಿಕೆ ಕೊಟ್ಟಿತು. ಲಕ್ಷ ಕಿಲೋಮೀಟರ್ ಓಡಿಸಿ ಪರೀಕ್ಷಿಸಿದ್ದೇವೆ, ದೊಡ್ಡ ವ್ಯತ್ಯಾಸ ಇಲ್ಲ ಅಂತ. ಅದೇ ಹೇಳಿಕೆಯಲ್ಲಿ ಹಳೇ ಗಾಡಿಗಳ ಕೆಲವು ರಬ್ಬರ್ ಭಾಗ, ಗ್ಯಾಸ್ಕೆಟ್ ಬದಲಿಸಬೇಕಾದೀತು, ಅದು ಅಗ್ಗದ ಕೆಲಸ, ಸರ್ವೀಸ್ ಹೊತ್ತಿಗೆ ಮಾಡಿಸಿಕೊಳ್ಳಿ ಅಂತಲೂ ಇತ್ತು. ಮಾಡಿಸಿಕೊಳ್ಳಿ ಅಂದರೆ ದುಡ್ಡು ಯಾರದು? ನಿಮ್ಮದು, ನನ್ನದು.

ರೇಟಿನ ವಿಷಯ. 2021ರಲ್ಲಿ ಎಥೆನಾಲ್ ಪೆಟ್ರೋಲಿಗಿಂತ ಅಗ್ಗ ಇತ್ತು. ಆಮೇಲೆ ಕಬ್ಬು, ಮೆಕ್ಕೆಜೋಳದ ಎಥೆನಾಲಿಗೆ ಕೊಡುವ ಬೆಲೆ ಏರುತ್ತಾ ಹೋಯಿತು. ಮೆಕ್ಕೆಜೋಳದ್ದು 52.92 ರೂಪಾಯಿ ಇದ್ದದ್ದು 71.86ಕ್ಕೆ ಬಂತು. 2025ರ ಜುಲೈ ಕೊನೆಗೆ ತೈಲ ಕಂಪನಿಗಳು ಕೊಡುತ್ತಿದ್ದ ಸರಾಸರಿ ಬೆಲೆ ಸಾಗಣೆ, ಜಿಎಸ್‌ಟಿ ಸೇರಿ ಲೀಟರಿಗೆ 71.32 ರೂಪಾಯಿ. ತೆರಿಗೆ ಹಾಕುವ ಮೊದಲಿನ ಪೆಟ್ರೋಲಿಗಿಂತ ಇದೇ ದುಬಾರಿ, ಹಾಗಾಗಿ ಅಗ್ಗವಾಗಿ ಮಾರಲು ಆಗದು ಅಂತ ಇಲಾಖೆ ಆಗ ಹೇಳಿತು. ಸರಿ, ಒಪ್ಪೋಣ. ಆದರೆ ಆ ನೀತಿ ಆಯೋಗದ ವರದಿಯಲ್ಲೇ ಇನ್ನೆರಡು ಮಾತು ಇದ್ದವು. ಮೈಲೇಜ್ ನಷ್ಟಕ್ಕೆ ತೆರಿಗೆಯಲ್ಲಿ ರಿಯಾಯಿತಿ ಕೊಡಿ ಅನ್ನುವುದು ಒಂದು. ಹಳೇ ಗಾಡಿಗಳಿಗಾಗಿ ಇ10 ಮಾರಾಟ ಮುಂದುವರಿಸಿ ಅನ್ನುವುದು ಇನ್ನೊಂದು. ಬಂಕಿನಲ್ಲಿ ಎರಡೂ ಕಾಣಲಿಲ್ಲ. ಎಥೆನಾಲ್ ಇಲ್ಲದ ಪೆಟ್ರೋಲಿನ ಆಯ್ಕೆ ಕೊಡಿಸಿ ಅಂತ ಸುಪ್ರೀಂ ಕೋರ್ಟಿಗೆ ಹೋದ ಅರ್ಜಿಯೂ 2025ರ ಸೆಪ್ಟೆಂಬರ್ 1ರಂದು ವಜಾ ಆಯಿತು.

ದುಡ್ಡಿನಲ್ಲಿ ಹೇಳುವುದಾದರೆ, ಲೀಟರಿಗೆ 103 ರೂಪಾಯಿ ಅಂತ ಇಟ್ಟುಕೊಳ್ಳಿ. ಶುದ್ಧ ಪೆಟ್ರೋಲಿನ ಒಂದು ಲೀಟರಿನಷ್ಟು ಶಕ್ತಿ ಬೇಕು ಅಂದರೆ ಇ20ನಲ್ಲಿ ನೀವು ಕೊಡುವುದು 110 ರೂಪಾಯಿ ಚಿಲ್ಲರೆ. ತಿಂಗಳಿಗೆ 40 ಲೀಟರ್ ಹಾಕುವ ಮನೆಗೆ ಇ10ಗೆ ಹೋಲಿಸಿದರೆ 150, ಶುದ್ಧ ಪೆಟ್ರೋಲಿಗೆ ಹೋಲಿಸಿದರೆ 300 ರೂಪಾಯಿ ಜಾಸ್ತಿ. ಮನೆ ಮುಳುಗಿಸುವ ಖರ್ಚು ಅಲ್ಲ. ಆದರೆ ಬಿಲ್ಲಿನಲ್ಲಿ ಎಲ್ಲೂ ಕಾಣದ ಖರ್ಚು.

ಇನ್ನೊಂದು. ನಿಮ್ಮ ಪೆಟ್ರೋಲಿನಲ್ಲಿ ಎಥೆನಾಲ್ ಎಷ್ಟಿದೆ ಅಂತ ಮನೆಯಲ್ಲೇ ನೋಡಬಹುದು. ಅಳತೆ ಗೆರೆ ಇರುವ ಗಾಜಿನ ಸಿಲಿಂಡರಿನಲ್ಲಿ 100 ಎಂಎಲ್ ಪೆಟ್ರೋಲ್, 10 ಎಂಎಲ್ ನೀರು ಹಾಕಿ ಅಲ್ಲಾಡಿಸಿ, ಸ್ವಲ್ಪ ಹೊತ್ತು ಬಿಡಿ. ಎಥೆನಾಲ್ ನೀರಿನ ಜೊತೆ ಕೆಳಗೆ ಇಳಿಯುತ್ತದೆ. ಕೆಳಗಿನ ಪದರ 10ರಲ್ಲೇ ನಿಂತರೆ ಎಥೆನಾಲ್ ಇಲ್ಲ. 30ರ ಆಸುಪಾಸು ಬಂದರೆ ಶೇ. 20 ಇದೆ. ಅಡುಗೆಮನೆಯಲ್ಲಿ ಮಾತ್ರ ಮಾಡಬೇಡಿ, ಅಂಗಳದಲ್ಲಿ ಮಾಡಿ.

ಸಾಗರದ ಗ್ಯಾರೇಜು

ಮೇಷ್ಟ್ರು ಲೆಕ್ಕ ಹೇಳಿದ್ದಾರೆ. ನಾನು ಬೆಂಚಿನ ಮೇಲೆ ಕಂಡದ್ದು ಹೇಳುತ್ತೇನೆ. ದ್ವಿಚಕ್ರ, ಪಂಪು, ಕಳೆ ಮಷಿನ್ ಎಲ್ಲ ನಮ್ಮಲ್ಲಿಗೆ ಬರುತ್ತವೆ. ಕಾರಿನ ಕೆಲಸ ಕಡಿಮೆ.

ಮೊದಲು ಒಂದು ಮಾತು. ದಿನಾ ಓಡುವ ಗಾಡಿಗೆ ಇ20 ಹಾಕಿದ್ದರಿಂದ ಎಂಜಿನ್ ಸೀಜ್ ಆಗಿ ಬಂದದ್ದನ್ನು ನಾನು ಇವತ್ತಿನವರೆಗೆ ನೋಡಿಲ್ಲ. ಬರುವುದೆಲ್ಲ ನಿಂತ ಗಾಡಿಗಳು. ಮಗ ಬೆಂಗಳೂರಿಗೆ ಹೋದ, ಬೈಕು ಮಳೆಗಾಲ ಪೂರ್ತಿ ಶೆಡ್ಡಿನಲ್ಲಿ ಇತ್ತು. ಅಪ್ಪನಿಗೆ ಹುಷಾರಿಲ್ಲ, ಸ್ಕೂಟರ್ ಹೊರಗೆ ತೆಗೆಯಲಿಲ್ಲ. ನಮ್ಮ ಮಲೆನಾಡಿನ ಥಂಡಿ ಗೊತ್ತಲ್ಲ. ಗೋಡೆಗೇ ಬೂಸಲು ಬರುತ್ತದೆ, ಇನ್ನು ಟ್ಯಾಂಕು ಬಿಡುತ್ತದೆಯೇ?

ಎಥೆನಾಲಿಗೆ ನೀರು ಅಂದರೆ ಪ್ರೀತಿ. ಟ್ಯಾಂಕಿನ ಒಳಗಿನ ಗಾಳಿಯ ತೇವವನ್ನು ಎಳೆದುಕೊಳ್ಳುತ್ತದೆ. ಸ್ವಲ್ಪ ನೀರಾದರೆ ಪೆಟ್ರೋಲಿನ ಜೊತೆ ಬೆರೆತು ಉರಿದು ಹೋಗುತ್ತದೆ, ತೊಂದರೆ ಇಲ್ಲ. ಮಿತಿ ದಾಟಿದರೆ ನೀರು, ಎಥೆನಾಲ್ ಎರಡೂ ಸೇರಿ ಬೇರೆಯಾಗಿ ಕೆಳಗೆ ಕೂರುತ್ತವೆ. ಪೆಟ್ರೋಲ್ ಎಳೆಯುವ ಬಾಯಿ ಇರುವುದೂ ಕೆಳಗೇ. ಕಿಕ್ ಹೊಡೆದಾಗ ಎಂಜಿನ್ನಿಗೆ ಹೋಗುವುದು ಆ ಗಂಜಿ. ಮೇಲಿಂದ ಹೊಸ ಪೆಟ್ರೋಲ್ ಸುರಿದರೂ ಅದು ಸರಿ ಹೋಗುವುದಿಲ್ಲ. ಪೂರ್ತಿ ಇಳಿಸಿ, ಟ್ಯಾಂಕ್ ತೊಳೆದು, ಒಣಗಿಸಿಯೇ ಹಾಕಬೇಕು. ಒಳಗೆ ತುಕ್ಕು ಹಿಡಿದಿದ್ದರೆ ಅದು ಬೇರೆ ಕೆಲಸ.

ನಿಮ್ಮ ಪಂಪಿನಲ್ಲಿ ಕಂಡ ಬಿಳಿ ಹಸಿರು ಪುಡಿ ಅಲ್ಯೂಮಿನಿಯಂ, ಹಿತ್ತಾಳೆ ತಿಂದ ಗುರುತು. ಕಾರ್ಬುರೇಟರಿನ ಮೈ ಒಂದು ಲೋಹ, ಪೆಟ್ರೋಲ್ ಹಾದುಹೋಗುವ ಪುಟ್ಟ ಜೆಟ್ ಇನ್ನೊಂದು. ಆ ಜೆಟ್ಟಿನ ತೂತು ಕೂದಲಿನಷ್ಟು. ಪುಡಿ ಕೂತರೆ ಮುಗಿಯಿತು.

ಸ್ಕೂಟರಿಗೆ ಮೈಲೇಜ್ ಹೆಚ್ಚು ಇಳಿಯಲು ಕಾರಣ ಇದೆ. ಪೆಟ್ರೋಲ್ ಸರಿಯಾಗಿ ಉರಿಯಲು ತೂಕದಲ್ಲಿ 14.7 ಪಾಲು ಗಾಳಿ ಬೇಕು. ಇ20ಗೆ 13.6ರ ಸುಮಾರು ಸಾಕು. ಈಗಿನ ಕಾರು, ಬೈಕಿನಲ್ಲಿ ಸೈಲೆನ್ಸರ್ ದಾರಿಯಲ್ಲಿ ಸೆನ್ಸರ್ ಇರುತ್ತದೆ. ಅದು ನೋಡಿಕೊಂಡು ಇಂಧನ ಹೆಚ್ಚು ಬಿಡುತ್ತದೆ. ಕಾರ್ಬುರೇಟರಿಗೆ ಕಣ್ಣಿಲ್ಲ. ಅದು ಹಳೇ ಲೆಕ್ಕದಲ್ಲೇ ಬಿಡುತ್ತಾ ಹೋಗುತ್ತದೆ. ಗಾಳಿ ಜಾಸ್ತಿ, ಇಂಧನ ಕಮ್ಮಿ. ಎಂಜಿನ್ ಬಿಸಿ ಏರುತ್ತದೆ, ಎಳೆತ ಕಡಿಮೆ ಆಗುತ್ತದೆ, ನೀವು ಆಕ್ಸಿಲರೇಟರ್ ಇನ್ನೂ ತಿರುಗಿಸುತ್ತೀರಿ. ಮೈಲೇಜ್ ಹೋಗುವುದು ಅಲ್ಲಿ. ಬೆಳಿಗ್ಗೆ ಸ್ಟಾರ್ಟ್ ಆಗದ್ದೂ ಇದಕ್ಕೇ ಸೇರಿದ್ದು. ಎಥೆನಾಲ್ ಚಳಿಯಲ್ಲಿ ಬೇಗ ಆವಿ ಆಗುವುದಿಲ್ಲ. ಮಿಕ್ಸ್ಚರ್ ಸ್ಕ್ರೂ ಸ್ವಲ್ಪ ಸರಿ ಮಾಡಿ, ಸ್ಪಾರ್ಕ್ ಪ್ಲಗ್ ಬಣ್ಣ ನೋಡಿ. ಪ್ಲಗ್ ಬೆಳ್ಳಗೆ ಸುಟ್ಟ ಹಾಗಿದ್ದರೆ ಮೇನ್ ಜೆಟ್ ಒಂದು ಸೈಜು ದೊಡ್ಡದು ಹಾಕಿಸಿ. ಗೊತ್ತಿರುವವರ ಹತ್ತಿರ ಮಾಡಿಸಿ. ಸುಮ್ನೆ ತಿರುಗಿಸಿದರೆ ಇದ್ದದ್ದೂ ಹೋಗುತ್ತದೆ.

ಬದಲಿಸಬೇಕಾದದ್ದು: ಪೆಟ್ರೋಲ್ ಪೈಪು, ಕಾಕ್‌ನ (ಪೆಟ್ರೋಲ್ ನಲ್ಲಿಯ) ವಾಷರ್, ಕಾರ್ಬುರೇಟರ್ ಬೌಲಿನ ರಿಂಗು, ನೀಡಲ್, ಫಿಲ್ಟರ್. ಎಲ್ಲ ಸೇರಿ ಕೂಲಿ ಸಹಿತ ನಮ್ಮಲ್ಲಿ ಸಾವಿರದೊಳಗೆ ಆಗುತ್ತದೆ. ಪೈಪು ತರುವಾಗ ಎಥೆನಾಲ್ ತಡೆಯುವಂಥದ್ದೇ ಕೇಳಿ. ಮೀಟರ್ ಲೆಕ್ಕದಲ್ಲಿ ಸಿಗುವ ಅಗ್ಗದ ಪೈಪು ಹಾಕಿದರೆ ಮುಂದಿನ ವರ್ಷ ಮತ್ತೆ ನನ್ನ ಹತ್ತಿರ ಬರುತ್ತೀರಿ. ನನಗೇನು, ವ್ಯಾಪಾರ. ಕಾರಿಗೆ ಖರ್ಚು ಬೇರೆ ಥರ. ಟ್ಯಾಂಕಿನ ಒಳಗಿನ ಪಂಪು ಹೋದರೆ ಸಾವಿರಗಳ ಮಾತು. ಟ್ಯಾಂಕಿನಲ್ಲಿ ವರ್ಷಗಟ್ಟಲೆ ಕೂತ ಕೊಳೆಯನ್ನು ಎಥೆನಾಲ್ ಕರಗಿಸಿ ಎಬ್ಬಿಸುತ್ತದೆ, ಅದು ಜಾಲರಿಗೆ ಬಂದು ಕಟ್ಟಿಕೊಳ್ಳುತ್ತದೆ. 2016ರ ಕಾರಿಗೆ ಫಿಲ್ಟರ್ ಒಮ್ಮೆ ಬದಲಿಸಿಬಿಡಿ. ಪಂಪು ಕಿರುಗುಟ್ಟುವವರೆಗೆ ಕಾಯಬೇಡಿ.

ಪೆಟ್ರೋಲಿಗೆ ಸೇರಿಸಿ ಅಂತ ಬಂಕಿನಲ್ಲಿ ಕೊಡುವ ಪುಟ್ಟ ಬಾಟಲಿಗಳ ಬಗ್ಗೆ ಕೇಳುವವರು ಬಹಳ. ಬೇರೆಯಾಗಿ ಕೆಳಗೆ ಕೂತ ನೀರನ್ನು ಯಾವ ಬಾಟಲಿಯೂ ವಾಪಸ್ ಬೆರೆಸುವುದಿಲ್ಲ. ಆ ದುಡ್ಡಿಗೆ ಪೈಪು ಬರುತ್ತದೆ.

ಘಟಪ್ರಭಾ ದಂಡೆ, ಮೂಡಲಗಿ ತಾಲೂಕು

ಅಣ್ಣಾರ, ನಾನು ಕಬ್ಬು ಬೆಳೆಯುವವನು. ಎಥೆನಾಲ್ ಬೈದರೆ ನಮ್ಮ ಹೊಟ್ಟೆಗೆ ಹೊಡೆದಂಗ ಅಂತ ಮೊದಲು ಅನಿಸಿತು. ಓದಿದ ಮೇಲೆ ನೀವು ರೈತರೇ ಅಂತ ಗೊತ್ತಾಯಿತು. ಅದಕ್ಕೇ ನಮ್ಮ ಕಡೆಯದೂ ಒಂದು ಮಾತು ಹೇಳುತ್ತೇನೆ.

ಎಥೆನಾಲ್ ಬಂದ ಮೇಲೆ ಕಾರ್ಖಾನೆಗಳ ಕೈಗೆ ದುಡ್ಡು ಬೇಗ ಬರುತ್ತದೆ ಅನ್ನುವುದು ಸುಳ್ಳಲ್ಲ. ಸಕ್ಕರೆ ಗೋದಾಮಿನಲ್ಲಿ ಬಿದ್ದಿದ್ದರೆ ನಮ್ಮ ಬಾಕಿಯೂ ಬಿದ್ದಿರುತ್ತಿತ್ತು. ಹಂಗಂತ ನಮಗೆ ಎಷ್ಟು ಬಂತು? 2025ರ ನವೆಂಬರ್‌ನಲ್ಲಿ ನಮ್ಮ ಗುರ್ಲಾಪುರ ಕ್ರಾಸಿನಲ್ಲಿ ಹಗಲು ರಾತ್ರಿ ರಸ್ತೆ ಮೇಲೆ ಕೂತಿದ್ದೆವು. ಟನ್ನಿಗೆ 3,500 ಕೇಳಿದೆವು. 3,300ಕ್ಕೆ ಬಂದು ನಿಂತಿತು. ಎಥೆನಾಲ್‌ನಿಂದ ರೈತ ಶ್ರೀಮಂತ ಆಗಿದ್ದರೆ ನಾವು ಡಾಂಬರಿನ ಮೇಲೆ ಯಾಕೆ ಮಲಗುತ್ತಿದ್ದೆವು?

ಮೆಕ್ಕೆಜೋಳದವರದು ಇನ್ನೂ ಕಷ್ಟ. ಎಥೆನಾಲ್‌ಗೆ ಬೇಕು ಬೇಕು ಅಂತ ಎಲ್ಲ ಕಡೆ ಬಿತ್ತಿದರು. 2025-26ರ ಬೆಂಬಲ ಬೆಲೆ ಕ್ವಿಂಟಲಿಗೆ 2,400 ಇತ್ತು. ಅದೇ ನವೆಂಬರ್‌ನಲ್ಲಿ ಹಾವೇರಿ, ಗದಗ ಕಡೆ ಮಾರುಕಟ್ಟೆಯಲ್ಲಿ 2,000 ಸಿಕ್ಕರೆ ಪುಣ್ಯ ಅನ್ನುವ ಪರಿಸ್ಥಿತಿ. ಬಂಕಿನಲ್ಲಿ ನಿಮ್ಮ ಜೇಬಿನಿಂದ ಹೋದದ್ದು ಅಷ್ಟೂ ರೈತನ ಕೈಗೆ ಬಂತು ಅಂತ ತಿಳಿಯಬೇಡಿ.

ತೈಲ ಆಮದು ಉಳಿಸಿ 2014ರಿಂದ 1.4 ಲಕ್ಷ ಕೋಟಿಗೂ ಮೇಲೆ ವಿದೇಶಿ ವಿನಿಮಯ ಉಳಿಯಿತು ಅಂತ ಇಲಾಖೆ ಹೇಳುತ್ತದೆ. ಅದು ದೇಶಕ್ಕೆ ಒಳ್ಳೆಯದೇ. ಜೊತೆಗೆ ಒಂದು ಲೀಟರ್ ಕಬ್ಬಿನ ಎಥೆನಾಲಿಗೆ 2,860 ಲೀಟರ್ ನೀರು ಬೇಕು ಅಂತ ಮೇಷ್ಟ್ರು ಹೇಳಿದ ಅದೇ ನೀತಿ ಆಯೋಗದ ವರದಿಯಲ್ಲಿದೆ. ನಮ್ಮ ಬೋರ್‌ವೆಲ್ ಎಷ್ಟು ಆಳಕ್ಕೆ ಹೋಗಿವೆ ಅಂತ ನಾನು ಇಲ್ಲಿ ಬರೆಯುವುದಿಲ್ಲ ಬಿಡಿ.

ನನ್ನ ಬೈಕೂ 2013ರದ್ದು. ಪೈಪು ಒಮ್ಮೆ ಬದಲಿಸಿದ್ದೇನೆ. ನಾನೂ ಅದೇ ಬಂಕಿನ ಮುಂದೆ ಸಾಲಿನಲ್ಲಿ ನಿಲ್ಲುವವನು.

ತೋಟದಮನೆ, ಶಿರಸಿ ಕಡೆ

ಎಲ್ಲರಿಗೂ ಧನ್ಯವಾದ. ಮೂಡಲಗಿಯವರೇ, ನಿಮ್ಮ ಮಾತು ಓದಿ ಸಮಾಧಾನ ಆಯಿತೋ ಬೇಸರ ಆಯಿತೋ ಗೊತ್ತಾಗಲಿಲ್ಲ. ಕಬ್ಬಿನವರ ಮೇಲೆ ನನಗೆ ಯಾವ ಸಿಟ್ಟೂ ಇಲ್ಲ. ಅಡಿಕೆಗೆ ರೇಟು ಬಿದ್ದಾಗ ನಾವೂ ರಸ್ತೆಗೆ ಇಳಿದವರೇ.

ನನ್ನ ತಕರಾರು ಒಂದೇ. ಅಂಗಡಿಯಲ್ಲಿ ಅಕ್ಕಿ ಕೊಂಡರೆ ಚೀಲದ ಮೇಲೆ ಯಾವ ಅಕ್ಕಿ ಅಂತ ಬರೆದಿರುತ್ತದೆ, ಬೇಡ ಅಂದರೆ ಪಕ್ಕದ ಚೀಲ ಇದೆ. ಇಲ್ಲಿ ಪಕ್ಕದ ಚೀಲವೇ ಇಲ್ಲ. ದುಡ್ಡು ಲೀಟರ್ ಲೆಕ್ಕದಲ್ಲಿ ತೆಗೆದುಕೊಳ್ಳುತ್ತಾರೆ, ಗಾಡಿ ಓಡುವುದು ಶಕ್ತಿಯ ಲೆಕ್ಕದಲ್ಲಿ. ಈ ಎರಡರ ನಡುವಿನ ವ್ಯತ್ಯಾಸ ಯಾರು ಕೊಡಬೇಕು ಅಂತ ಯಾರೂ ಕೂತು ಮಾತಾಡಿದ ಹಾಗೆ ಕಾಣುವುದಿಲ್ಲ. ತಾನಾಗಿಯೇ ಓಡಿಸುವವನ ಪಾಲಿಗೆ ಬಂದುಬಿಟ್ಟಿದೆ. ತಿಂಗಳಿಗೆ 150 ಅಂದರೆ ದೊಡ್ಡದಲ್ಲ ಅನ್ನಬಹುದು. ಆದರೆ ಇಂಥ ಊರಿನಲ್ಲಿ ಹಳೇ ಸ್ಕೂಟರೇ ಬಸ್ಸು, ಅದೇ ಆಂಬುಲೆನ್ಸು, ಅದೇ ಹಾಲಿನ ಡೇರಿಗೆ ಹೋಗುವ ಗಾಡಿ. ಹೊಸದು ತಗೊಳ್ಳಿ ಅಂತ ಹೇಳುವುದು ಸುಲಭ.

ಗ್ಯಾರೇಜಿನವರೇ, ಪ್ಲಗ್ ತೆಗೆದು ನೋಡಿದೆ. ನೀವು ಹೇಳಿದ ಹಾಗೇ ಬೆಳ್ಳಗಿದೆ. ಸ್ಕೂಟರ್ ಶಿರಸಿಗೆ ಒಯ್ಯುತ್ತೇನೆ. ಮೇಷ್ಟ್ರೇ, ಇನ್ಶೂರೆನ್ಸ್ ಬಗ್ಗೆ ಏನಾದರೂ ಗೊತ್ತಾ? ಇ10 ಗಾಡಿಗೆ ಇ20 ಹಾಕಿದರೆ ಕ್ಲೇಮ್ ಸಿಗುವುದಿಲ್ಲ ಅಂತ ಊರಲ್ಲಿ ಒಬ್ಬರು ಹೆದರಿಸಿದ್ದಾರೆ.

ಕೆಮಿಸ್ಟ್ರಿ ಮೇಷ್ಟ್ರು, ತುಮಕೂರು

ಆ ಭಯ ಬೇಡ. ಇ20 ಹಾಕಿದ್ದಕ್ಕೆ ಇನ್ಶೂರೆನ್ಸ್ ಹೋಗುವುದಿಲ್ಲ ಅಂತ ಇಲಾಖೆ ಸ್ಪಷ್ಟವಾಗಿಯೇ ಹೇಳಿದೆ. ವಾರಂಟಿ ಪ್ರಶ್ನೆ ನಿಮ್ಮ ಯಾವ ಗಾಡಿಗೂ ಬರುವುದಿಲ್ಲ, ಎಲ್ಲದರ ಅವಧಿ ಮುಗಿದಿದೆ. ಬಂಕಿನಲ್ಲಿ ಅನುಮಾನ ಬಂದರೆ ಅಳತೆ ನೋಡಲು ಐದು ಲೀಟರ್ ಪಾತ್ರೆ, ಕಲಬೆರಕೆ ನೋಡಲು ಫಿಲ್ಟರ್ ಪೇಪರ್ ಟೆಸ್ಟ್ ಎರಡನ್ನೂ ಕೇಳುವ ಹಕ್ಕು ಇದೆ. ಜೋರು ಮಳೆ ಬಂದ ಮಾರನೇ ದಿನ ನೀರು ಸೇರಿದೆಯಾ ಅಂತಲೂ ಕೇಳಿದರೆ ತಪ್ಪಿಲ್ಲ. ನೆಲದಡಿಯ ಟ್ಯಾಂಕಿಗೆ ನೀರು ಇಳಿದರೆ ಅಲ್ಲೂ ನಡೆಯುವುದು ಗ್ಯಾರೇಜಿನವರು ಹೇಳಿದ ಕಥೆಯೇ.

ಹಿಮದೂರು, ಮಿನೆಸೋಟ

ನಾನು ತೀರ್ಥಹಳ್ಳಿಯವನು, ಈಗ ಅಮೆರಿಕದ ಮಿನೆಸೋಟದಲ್ಲಿದ್ದೇನೆ. ಇದು ಮೆಕ್ಕೆಜೋಳದ ಸೀಮೆ. ಪೆಟ್ರೋಲಿಗೆ ಎಥೆನಾಲ್ ಬೆರೆಸುವುದನ್ನು ಇಡೀ ರಾಜ್ಯಕ್ಕೆ 1997ರಲ್ಲೇ ಕಡ್ಡಾಯ ಮಾಡಿದ ಜಾಗ. ಹಾಗಾಗಿ ಎಥೆನಾಲ್ ವಿರೋಧಿಗಳ ಊರು ಅಂತ ಯಾರೂ ಹೇಳಲಾರರು.

ಆದರೂ ಇಲ್ಲಿನ ವ್ಯವಸ್ಥೆ ಕೇಳಿ. ಸಾಮಾನ್ಯ ಪೆಟ್ರೋಲ್ ಅಂದರೆ ಇ10. ಪಕ್ಕದಲ್ಲಿ ಇ15 ಇರುತ್ತದೆ, ಕೆಲವು ಸೆಂಟ್ ಅಗ್ಗ. ಅದರ ಮೇಲೆ ಒಂದು ಸ್ಟಿಕ್ಕರ್: 2001 ಮತ್ತು ಆಮೇಲಿನ ಕಾರುಗಳಿಗೆ ಮಾತ್ರ, ಮೋಟಾರ್‌ಸೈಕಲ್, ದೋಣಿ, ಹುಲ್ಲು ಕತ್ತರಿಸುವ ಮಷಿನ್ನಿಗೆ ಹಾಕಬೇಡಿ, ಕಾನೂನಿಗೆ ವಿರುದ್ಧ ಅಂತ. ಶೇ. 15ಕ್ಕೇ ಇಷ್ಟು. ಇ85 ಬೇರೆ ಪೈಪಿನಲ್ಲಿ, ಅದಕ್ಕೆಂದೇ ಮಾಡಿದ ಫ್ಲೆಕ್ಸ್ ಗಾಡಿಗಳಿಗೆ. ಇದಲ್ಲದೆ ಎಷ್ಟೋ ಬಂಕುಗಳಲ್ಲಿ ಎಥೆನಾಲ್ ಇಲ್ಲದ ಪ್ರೀಮಿಯಂ ಸಿಗುತ್ತದೆ. ಸಂಗ್ರಹದ ಹಳೇ ಕಾರು, ಬೈಕು, ದೋಣಿ, ಸಣ್ಣ ಎಂಜಿನ್‌ಗಳಿಗೆ ಅಂತಲೇ ರಾಜ್ಯದ ಕಾನೂನಿನಲ್ಲಿ ವಿನಾಯಿತಿ ಇದೆ. ರೇಟು ಜಾಸ್ತಿ. ಆದರೂ ಹಿಮ ತಳ್ಳುವ ಮಷಿನ್ನಿಗೆ ನಾನು ಅದನ್ನೇ ಹಾಕುತ್ತೇನೆ, ವರ್ಷಕ್ಕೆ ಬೇಕಾಗುವುದೇ ನಾಲ್ಕಾರು ಲೀಟರ್.

ಬ್ರೆಜಿಲ್ ಉದಾಹರಣೆ ಕೊಡುವವರು ಒಂದು ಮಾತು ಬಿಡುತ್ತಾರೆ. ಅಲ್ಲಿ ಪೆಟ್ರೋಲಿನಲ್ಲೇ ಶೇ. 30 ಎಥೆನಾಲ್ ಇದೆ, ನಿಜ. ಆದರೆ ಅವರು ಶುರು ಮಾಡಿದ್ದು 1975ರಲ್ಲಿ. ಯಾವ ಮಿಶ್ರಣಕ್ಕೂ ಹೊಂದಿಕೊಳ್ಳುವ ಫ್ಲೆಕ್ಸ್ ಕಾರುಗಳು 2003ರಿಂದ ಬಂದಿವೆ. ಅಲ್ಲಿನ ಬಂಕಿನಲ್ಲಿ ಬರೀ ಎಥೆನಾಲ್ ಕೂಡ ಬೇರೆಯಾಗಿ ಸಿಗುತ್ತದೆ. ಅದರ ಬೆಲೆ ಪೆಟ್ರೋಲಿನ ಶೇ. 70ಕ್ಕಿಂತ ಕಡಿಮೆ ಇದ್ದರೆ ಹಾಕಿಸುತ್ತಾರೆ, ಇಲ್ಲದಿದ್ದರೆ ಇಲ್ಲ. ಶಕ್ತಿ ಕಡಿಮೆ ಅನ್ನುವುದು ಅಲ್ಲಿ ಬೆಲೆಯಲ್ಲೇ ಕಾಣುತ್ತದೆ. ನಮ್ಮಲ್ಲಿ ಅದು ಕಾಣುವುದು ಮೈಲೇಜಿನಲ್ಲಿ ಮಾತ್ರ.

ಸಾಗರದ ಗ್ಯಾರೇಜು

ತೀರ್ಥಹಳ್ಳಿಯವರು ಹೇಳಿದ್ದಕ್ಕೇ ನೂರು ಆಕ್ಟೇನ್ ವಿಷಯ ಸೇರಿಸುತ್ತೇನೆ, ತೋಟದವರು ಕೇಳಿದ್ದರು.

ಕಾರಿಗೆ, ಸ್ಕೂಟರಿಗೆ ಅದು ದಂಡ. 2025ರಲ್ಲಿ ಲೀಟರಿಗೆ 160ರ ಹತ್ತಿರ ಇತ್ತು. ಆಕ್ಟೇನ್ ಜಾಸ್ತಿ ಅಂದರೆ ಶಕ್ತಿ ಜಾಸ್ತಿ ಅಂತ ಅಲ್ಲ, ಎಂಜಿನ್ ಬಡಿಯದ ಹಾಗೆ ತಡೆಯುವ ಗುಣ ಅಷ್ಟೇ. ನಿಮ್ಮ ಸ್ಕೂಟರಿಗೆ ಅದರ ಅಗತ್ಯವೇ ಇಲ್ಲ. 95 ಆಕ್ಟೇನಿನ ಪ್ರೀಮಿಯಂ ಹಾಕಿದರೆ ಎಥೆನಾಲ್ ತಪ್ಪುತ್ತದೆ ಅಂದುಕೊಂಡವರೂ ಇದ್ದಾರೆ, ತಪ್ಪುವುದಿಲ್ಲ. ಆದರೆ ನೂರರದ್ದರಲ್ಲಿ ಎಥೆನಾಲ್ ಇರುವುದಿಲ್ಲ ಅನ್ನುತ್ತಾರೆ, ಹಾಗಾಗಿ ಪಂಪಿಗೆ, ಕಳೆ ಮಷಿನ್ನಿಗೆ ಅದನ್ನು ಹಾಕುವುದು ಲಾಭ. ವರ್ಷಕ್ಕೆ ಎಷ್ಟು ಲೀಟರ್ ಬೇಕು ಹೇಳಿ? ದೊಡ್ಡ ಊರಿನ ಆಯ್ದ ಬಂಕುಗಳಲ್ಲಿ ಸಿಗುತ್ತದೆ. ಯಾರಾದರೂ ಹೋಗುವಾಗ ಕಬ್ಬಿಣದ ಕ್ಯಾನಿನಲ್ಲಿ ತರಿಸಿ, ನೀರಿನ ಬಾಟಲಿಯಲ್ಲಿ ಬೇಡ. ತಂದ ಮೇಲೆ ಮೇಷ್ಟ್ರ ಸಿಲಿಂಡರ್ ಟೆಸ್ಟ್ ಮಾಡಿ, ಆಮೇಲೆ ನಂಬಿ.

ಸಿಗದಿದ್ದರೆ ಇ20 ಹಾಕಿಯೇ ಕೆಲಸ ಮಾಡಿ, ಏನೂ ಆಗುವುದಿಲ್ಲ. ಕೆಲಸ ಮುಗಿದ ದಿನವೇ ಟ್ಯಾಂಕ್ ಖಾಲಿ ಮಾಡಿ ಆ ಪೆಟ್ರೋಲನ್ನು ಸ್ಕೂಟರಿಗೆ ಸುರಿಯಿರಿ. ಕಳೆ ಮಷಿನ್ನಿನದು ಆಯಿಲ್ ಬೆರೆಸಿದ್ದು, ಅದನ್ನು ಮಾತ್ರ ಸ್ಕೂಟರಿಗೆ ಹಾಕಬೇಡಿ. ಅಷ್ಟಷ್ಟೇ ಬೆರೆಸಿಕೊಂಡು ಮುಗಿಸಿ. ಕಾಕ್ ಮುಚ್ಚಿ ಎಂಜಿನ್ ತಾನಾಗಿ ನಿಲ್ಲುವವರೆಗೆ ಓಡಿಸಿ, ಬೌಲಿನ ಕೆಳಗಿನ ಸ್ಕ್ರೂ ತೆಗೆದು ಉಳಿದದ್ದೂ ಇಳಿಸಿ. ಸ್ಕೂಟರ್, ಕಾರು ವಾರಗಟ್ಟಲೆ ನಿಲ್ಲಿಸುವುದಿದ್ದರೆ ಉಲ್ಟಾ. ಅದಕ್ಕೆ ಟ್ಯಾಂಕ್ ತುಂಬಿಸಿ ಇಡಿ. ಒಳಗೆ ಗಾಳಿಗೆ ಜಾಗ ಇಲ್ಲದಿದ್ದರೆ ತೇವವೂ ಕಡಿಮೆ.

ತೋಟದಮನೆ, ಶಿರಸಿ ಕಡೆ

ನೂರರದ್ದು ತರಿಸುವ ಕೆಲಸ ಭಾವನಿಗೇ ಹಚ್ಚುತ್ತೇನೆ, ಹಬ್ಬಕ್ಕೆ ಬರುವಾಗ ಡಿಕ್ಕಿಯಲ್ಲಿ ಕ್ಯಾನು ಇಟ್ಟುಕೊಂಡು ಬರಲಿ.

ಗ್ಯಾರೇಜಿನವರೇ, ಕಳೆ ಮಷಿನ್ನೂ ಈಗ ಏದುಸಿರು ಬಿಡುತ್ತಿದೆ. ಬಿಚ್ಚಿದರೆ ಕಾರ್ಬುರೇಟರಿನ ಡಯಾಫ್ರಾಮ್ (ಒಳಗಿನ ತೆಳು ಪರದೆ) ರಟ್ಟಿನ ತುಂಡಿನ ಹಾಗೆ ಗಟ್ಟಿಯಾಗಿದೆ. ಆ ಕಿಟ್ಟು ಶಿರಸಿಯಲ್ಲಿ ಎರಡು ಅಂಗಡಿ ಕೇಳಿದೆ, ಇಲ್ಲ ಅಂದರು. ನಿಮ್ಮಲ್ಲಿ ಇದ್ದರೆ ಸಾಗರದಿಂದ ಬರುವ ಬಸ್ಸಿಗೆ ಕೊಟ್ಟು ಕಳಿಸಲು ಆಗುತ್ತದಾ? ಹಣ ಮೊದಲೇ ಹಾಕುತ್ತೇನೆ.

ಸಾಗರದ ಗ್ಯಾರೇಜು

ಮಷಿನ್ನಿನ ಮಾಡೆಲ್ ನಂಬರಿನ ಫೋಟೋ, ಕಾರ್ಬುರೇಟರಿನದು ಒಂದು ಫೋಟೋ ಹಾಕಿ. ಒಂದೇ ಥರ ಕಾಣುವ ಕಿಟ್ಟು ನಾಲ್ಕು ಇವೆ. ಹಳೇ ಡಯಾಫ್ರಾಮ್ ಬಿಸಾಡಬೇಡಿ, ಸ್ಕೇಲಿನ ಪಕ್ಕ ಇಟ್ಟು ಅದರದ್ದೂ ಒಂದು ಫೋಟೋ ತೆಗೆಯಿರಿ. ನೋಡಿ ಹೇಳುತ್ತೇನೆ.